ಕೃತಕಮಾನವರೂ ಮನುಷ್ಯಲಕ್ಷಣವೂ

ವಸ್ತುವು ಲಕ್ಷಣದಿಂದಲೂ ಪ್ರಮಾಣದಿಂದಲೂ ಸಿದ್ಧಿಸತಕ್ಕುದೆಂಬುದು ನಮ್ಮ ಶಾಸ್ತ್ರಕಾರರ ಮರ್ಯಾದೆ. ಆದರೆ ಮನುಷ್ಯನಿಗೆ ಲಕ್ಷಣವನ್ನು ಹೇಳಬೇಕಾದ ಅಗತ್ಯವು ಸಾಹಿತ್ಯವಿಚಾರಕರಿಗೆ ಬಹುಕಾಲ ಒದಗಲಿಲ್ಲ. ಎದುರಿಗೆ ನಿಂತವನು ಮನುಷ್ಯನೋ ಅಲ್ಲವೋ ಎಂಬ ಸಂಶಯವೇ ಹುಟ್ಟದಿದ್ದ ಕಡೆ ವಿಚಾರಕ್ಕೆ ಅವಕಾಶವೆಲ್ಲಿಯದು? ಕಳೆದ ನೂರು ವರ್ಷಗಳಿಂದೀಚೆಗೆ ಪಾಶ್ಚಾತ್ಯರಲ್ಲಿ ಈ ಸಂಶಯವನ್ನೇ ಬೀಜವಾಗಿಟ್ಟುಕೊಂಡು ಬೆಳೆದ ಕೃತಿಗಳು ಅನೇಕವಾಗಿವೆ. ಅವುಗಳಲ್ಲಿ ಎರಡನ್ನು ಇಲ್ಲಿ ಪರಾಮರ್ಶಿಸುವೆವು: ಚೆಕ್ ನಾಟಕಕಾರನಾದ ಕಾರೆಲ್ ಚಾಪೆಕನು ೧೯೨೦ರಲ್ಲಿ ಪ್ರಕಟಿಸಿದ ‘ಆರ್. ಯು. ಆರ್.’ ಎಂಬ ನಾಟಕವು ಒಂದು. ಅಮೆರಿಕದ ಫಿಲಿಪ್ ಕೆ. ಡಿಕ್ಕನು ೧೯೬೮ರಲ್ಲಿ ಪ್ರಕಟಿಸಿದ, ‘ಆಂಡ್ರಾಯ್ಡುಗಳು ವಿದ್ಯುತ್ಕುರಿಗಳ ಕನಸು ಕಾಣುವುವೆ?’ ಎಂಬರ್ಥದ ಹೆಸರುಳ್ಳ ಕಾದಂಬರಿಯು ಇನ್ನೊಂದು. ಅನುಕಂಪೆಯೇ ಮನುಷ್ಯಲಕ್ಷಣ, ಅದಿಲ್ಲದವನು ಕೃತಕಮಾನವ, ಇದೇ ಕಾದಂಬರಿಯ ತಾತ್ಪರ್ಯ ಎಂದು ಡಿಕ್ಕನ ಓದುಗರಲ್ಲಿ ಹಲವರು ತಿಳಿಯುವರು. ಈ ಪೂರ್ವಪಕ್ಷವು ನಿಲ್ಲತಕ್ಕುದಲ್ಲವೆಂದು ತೋರಿಸುವುದೇ ಈ ಲೇಖನದ ಪ್ರಯೋಜನ.

ಯಂತ್ರಮಾನವರ ಕಲ್ಪನೆಯು ನಮ್ಮವರಿಗೆ ಹೊಸದಲ್ಲ. ಸೋಮದೇವನ ಕಥಾಸರಿತ್ಸಾಗರದಲ್ಲಿ ನರವಾಹನದತ್ತನು ಹೊಗುವ ಒಂದು ಪಟ್ಟಣದ ಜನರೆಲ್ಲರೂ ರಾಜ್ಯಧರನೆಂಬ ಬಡಗಿಯು ಮಾಡಿದ ಮರದ ಗೊಂಬೆಗಳು. ಅವು ಜೀವಂತರಂತೆ ನಡೆದಾಡುವುವು. ಮಾತೊಂದಿಲ್ಲದಿರುವುದರಿಂದ ಮಾತ್ರ ಅವು ನಿರ್ಜೀವವೆಂದು ತಿಳಿಯುವುದು. ಅಲ್ಲಿ ಭೇದಕಧರ್ಮವು ವಾಕ್ಕು. ಪಾಶ್ಚಾತ್ಯರ ಕೃತಕಮಾನವನಾದರೋ ಮಾತನಾಡುವನು, ಹಾಡುವನು, ವಾದಿಸುವನು. ಆದುದರಿಂದ ಭೇದವನ್ನು ಬೇರೆಡೆಯಲ್ಲಿ ಹುಡುಕಬೇಕಾಯಿತು.

ಮೊದಲು ಶರೀರವಿಚಾರ. ಚಾಪೆಕನ ರೋಬಾಟು ಲೋಹಯಂತ್ರವಲ್ಲವೆಂಬುದನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ವೃದ್ಧ ರೋಸುಮನು ಜೀವದ್ರವ್ಯಕ್ಕೆ ಪ್ರತಿಯಾದ ಒಂದು ದ್ರವ್ಯವನ್ನು ಕಂಡುಹಿಡಿದನು. ದೇವರ ಅಗತ್ಯವಿಲ್ಲವೆಂದು ಸಾಧಿಸುವುದು ಅವನ ಹಟ. ಅವನ ವಂಶದ ತರುಣನು ಎಂಜಿನಿಯರು. ದುಡಿಮೆಗೆ ಬೇಡವಾದುದನ್ನೆಲ್ಲ ಮನುಷ್ಯಶರೀರದಿಂದ ತೆಗೆದುಹಾಕಿ ಅಗ್ಗದ ಆಳನ್ನು ಮಾಡಿದನು. ಕಾರ್ಖಾನೆಯಲ್ಲಿ ಯಕೃತ್ತಿಗೂ ಮೆದುಳಿಗೂ ತೊಟ್ಟಿಗಳುಂಟು. ನೂಲಿನ ಗಿರಣಿಯಲ್ಲಿ ದಾರವನ್ನು ತೆಗೆಯುವಂತೆ ನರಗಳನ್ನೂ ರಕ್ತನಾಳಗಳನ್ನೂ ತೆಗೆಯುವರು. ರೋಬಾಟೆಂಬ ಹೆಸರನ್ನು ಸೂಚಿಸಿದವನು ಕಾರೆಲನ ಸೋದರನಾದ ಯೋಸೆಫ್ ಚಾಪೆಕನು. ಇದರ ಮೂಲವಾದ ಚೆಕ್ ಭಾಷೆಯ ‘ರೊಬೊತ’ ಶಬ್ದಕ್ಕೆ ಒಡೆಯನಿಗಾಗಿ ಕೂಲಿಯಿಲ್ಲದೆ ಮಾಡತಕ್ಕ ಕಡ್ಡಾಯದ ದುಡಿಮೆಯೆಂದರ್ಥ. ಸಂಸ್ಕೃತದ ವಿಷ್ಟಿ, ಅದರ ತದ್ಭವವಾದ ನಮ್ಮ ಬಿಟ್ಟಿ, ಇವೇ ಇದಕ್ಕೆ ತಕ್ಕ ಪರ್ಯಾಯಗಳು. ಹೆಸರಿನಲ್ಲಿಯೇ ನ್ಯಾಯಾನ್ಯಾಯಗಳ ಪ್ರಶ್ನೆಯು ಅಡಗಿರುವುದನ್ನು ಗಮನಿಸಬೇಕು.

ಈ ನಾಟಕದ ಮೊದಲ ಭಾಗದಲ್ಲಿ ಕಾರ್ಖಾನೆಗೆ ಬಂದ ಹೆಲೆನಾ ಎಂಬ ತರುಣಿಯು ಸುಲ್ಲಾ ಎಂಬ ರೋಬಾಟು ಹೆಂಗಸನ್ನು ಮನುಷ್ಯಳೆಂದೂ, ಬಳಿಕ ಬಂದ ನಿಜವಾದ ಅಧಿಕಾರಿಗಳನ್ನು ರೋಬಾಟುಗಳೆಂದೂ ಭ್ರಮಿಸುವಳು. ಪ್ರೇಕ್ಷಕರು ನಗುವರು. ಆದರೆ ನಗೆಯ ಕೆಳಗೆ ಒಂದು ತರ್ಕವಿದೆ: ಶರೀರವು ಪ್ರಮಾಣವಾಗಲಾರದೆಂದಮೇಲೆ ಭ್ರಮೆಯು ಎರಡು ದಿಕ್ಕಿಗೂ ಸಮಾನವಾಗಿ ಹರಿಯುವುದು. ಇದೇ ಕಾರ್ಖಾನೆಯಲ್ಲಿ ರೋಬಾಟುಗಳಿಗೆ ನೋವಿನ ನರಗಳನ್ನು ಕೊಡಲು ವೈದ್ಯನಾದ ಗಾಲನು ಯತ್ನಿಸುವನು. ಕಾರಣವು ದಯೆಯಲ್ಲ, ಯಂತ್ರಕ್ಕೆ ಕೈಕೊಟ್ಟು ಮುರಿದುಕೊಂಡರೆ ಮಾಲೀಕರಿಗೆ ನಷ್ಟವೆಂಬುದು. ಆಗಾಗ್ಗೆ ರೋಬಾಟೊಂದು ಹಲ್ಲು ಕಡಿದು ಕೆಲಸವನ್ನು ಬಿಸುಟು ನಿಲ್ಲುವುದುಂಟು. ಅಧಿಕಾರಿಗಳಿಗೆ ಅದು ಅಪಸ್ಮಾರದಂತಹ ದೋಷ. ಹೆಲೆನಾಳಿಗೆ ಅದೇ ಆತ್ಮದ ಅಂಕುರ. ಲಿಂಗವು ಒಂದೇ, ಅನುಮಾನಗಳು ಎರಡು.

ಡಿಕ್ಕನ ಕಾದಂಬರಿಯಲ್ಲಿ ಸಾಮ್ಯವು ಇನ್ನೂ ಪೂರ್ಣವಾಗಿದೆ. ಮಹಾಯುದ್ಧದ ವಿಷಧೂಳಿಯಿಂದ ಪಶುಪಕ್ಷಿಗಳು ಬಹುಮಟ್ಟಿಗೆ ಅಳಿದ ಭೂಮಿ. ಮಂಗಳಗ್ರಹಕ್ಕೆ ವಲಸೆಹೋದವರಿಗೆ ದಾಸರಾಗಿ ಕೊಡಲ್ಪಟ್ಟ ಆಂಡ್ರಾಯ್ಡುಗಳು. ಒಡೆಯರಿಂದ ತಪ್ಪಿಸಿಕೊಂಡು ಭೂಮಿಗೆ ಬಂದವರನ್ನು ಹುಡುಕಿ ಕೊಲ್ಲುವ ರಿಕ್ ಡೆಕಾರ್ಡನೆಂಬ ಬೇಟೆಗಾರ, ತಲೆಗೆ ಸಾವಿರ ಡಾಲರಿನ ಬಹುಮಾನ. ಈ ಕೊಲೆಗೆ ಅಲ್ಲಿಯ ಅಧಿಕಾರಿಗಳು ಇಟ್ಟಿರುವ ಹೆಸರು ‘ನಿವೃತ್ತಿ’ಗೊಳಿಸುವುದೆಂದು. ರಕ್ತಮಾಂಸಗಳನ್ನು ನೋಡಿ ಆಂಡ್ರಾಯ್ಡನ್ನು ಗುರುತಿಸಲಾಗದು. ಮೂಳೆಯ ಮಜ್ಜೆಯನ್ನು ಪರೀಕ್ಷಿಸಬೇಕು, ಅದು ಸತ್ತ ಬಳಿಕವೇ ಸುಲಭ. ಜೀವಕೋಶಗಳನ್ನು ಹೊಸದಾಗಿಸುವ ಉಪಾಯವು ದೊರೆಯದುದರಿಂದ ಅವರ ಆಯುಸ್ಸು ಸುಮಾರು ೪ ವರ್ಷ. ೧೯೮೨ರಲ್ಲಿ ರಿಡ್ಲೀ ಸ್ಕಾಟನು ಈ ಕಥೆಯಿಂದ ‘ಬ್ಲೇಡ್ ರನ್ನರ್’ ಎಂಬ ಚಲಚ್ಚಿತ್ರವನ್ನು ಮಾಡಿದಾಗ ಈ ೪ ವರ್ಷದ ಅವಧಿಯು ಕೊರತೆಯಾಗಿ ಉಳಿಯದೆ, ನಿರ್ಮಾಪಕರೇ ಭಯದಿಂದ ವಿಧಿಸಿದ ಕಟ್ಟಳೆಯಾಯಿತು.

ಶರೀರವು ಸಾಕ್ಷಿ ಹೇಳಲೊಲ್ಲದು. ಆದುದರಿಂದ ಪರೀಕ್ಷೆಯು ಮನಸ್ಸಿಗೆ ಸರಿಯಿತು. ವಾಯ್ಟ್-ಕಾಂಫ್ ಎಂಬ ಪರೀಕ್ಷೆಯಲ್ಲಿ ಪ್ರಾಣಿಹಿಂಸೆಯೇ ಮೊದಲಾದ ಸಂದರ್ಭಗಳನ್ನು ಮಾತಿನಿಂದ ಮುಂದಿಟ್ಟು, ಕಣ್ಣಿನ ಸ್ನಾಯುಗಳ ಚಲನವನ್ನೂ ಕೆನ್ನೆಯ ಸೂಕ್ಷ್ಮರಕ್ತನಾಳಗಳ ಹಿಗ್ಗುವಿಕೆಯನ್ನೂ ಅಳೆಯುವರು. ನಾಟ್ಯಶಾಸ್ತ್ರವನ್ನು ಬಲ್ಲವರಿಗೆ ಇದು ಪರಿಚಿತವಾದ ಪ್ರದೇಶ: ಇದು ಸಾತ್ತ್ವಿಕಭಾವಗಳ ಮಾಪನ, ವಿಶೇಷವಾಗಿ ವೈವರ್ಣ್ಯದ ಮಾಪನ. ಭರತಮುನಿಯು ಸ್ತಂಭಸ್ವೇದಾದಿ ಎಂಟನ್ನು ಹೇಳಿ, ಅವು ಸಮಾಹಿತವಾದ ಮನಸ್ಸಿನಿಂದ ಹುಟ್ಟುವುವೆಂದು ನಿರೂಪಿಸಿರುವನು. ಆದರೆ ನಟನು ತನಗೆ ದುಃಖವಿಲ್ಲದಿದ್ದರೂ ಮನಸ್ಸನ್ನು ನೆಲೆಗೊಳಿಸಿ ಅಶ್ರುವನ್ನು ತರಬಲ್ಲನೆಂಬುದೂ ಆ ಶಾಸ್ತ್ರದ ಅಭಿಪ್ರಾಯವಷ್ಟೆ. ಹಾಗಾದರೆ ಕಣ್ಣೀರು ಶೋಕಕ್ಕೆ ಅವ್ಯಭಿಚಾರಿಯಾದ ಹೇತುವಲ್ಲ. ಕೆನ್ನೆಯ ಬಣ್ಣವು ಅನುಕಂಪೆಗೆ ಹೇಗೆ ಆದೀತು?

ಡಿಕ್ಕನು ಈ ಆಕ್ಷೇಪವನ್ನು ಮೊದಲೇ ಬಲ್ಲನು. ರೇಚಲ್ ರೋಸನ್ ಎಂಬಾಕೆಯ ಪರೀಕ್ಷೆಯು ಮುಗಿದಂತಾದ ಮೇಲೆ ಡೆಕಾರ್ಡನು ತನ್ನ ಕೈಚೀಲವನ್ನು ನೇವರಿಸುತ್ತ, ಅದು ಮಾನವಶಿಶುವಿನ ಚರ್ಮದ್ದೆಂದು ಹೇಳುವನು. ಮಾಪಕದ ಮುಳ್ಳುಗಳು ತೀವ್ರವಾಗಿ ಹೊಯ್ದಾಡುವುವು. ಆದರೆ ಕ್ಷಣಾಂಶ ತಡವಾಗಿ. ಅಷ್ಟರಿಂದಲೇ ಅವಳು ಆಂಡ್ರಾಯ್ಡೆಂದು ನಿರ್ಣಯವಾಗುವುದು. ಸೋಮದೇವನಲ್ಲಿ ವಾಕ್ಕಿನಷ್ಟು ಅಗಲವಾಗಿದ್ದ ಭೇದವು ಇಲ್ಲಿ ಕ್ಷಣದ ಒಂದಂಶಕ್ಕೆ ಕುಗ್ಗಿತು. ಅನುಕಂಪೆಯೆಂದರೆ ಮತ್ತೊಬ್ಬರ ಕಂಪವನ್ನು ಅನುಸರಿಸಿದ ಕಂಪ. ಅದು ಹಿಂದೆ ಬರತಕ್ಕುದೇ. ಎಷ್ಟು ಹಿಂದೆ ಬಂದರೆ ಪ್ರಾಣಕ್ಕೆ ಎರವಾಗಬೇಕೆಂಬುದನ್ನು ಯಾವ ಶಾಸ್ತ್ರವು ಹೇಳಬಲ್ಲುದು?

ಈಗ ಲಕ್ಷಣವನ್ನೇ ಪರೀಕ್ಷಿಸೋಣ. ಗೋವಿಗೆ ಕಪಿಲವರ್ಣವನ್ನು ಲಕ್ಷಣವೆಂದರೆ ಅವ್ಯಾಪ್ತಿ, ಕೊಂಬುಳ್ಳದ್ದೆಂದರೆ ಅತಿವ್ಯಾಪ್ತಿ, ಒಂಟಿಗೊರಸುಳ್ಳದ್ದೆಂದರೆ ಅಸಂಭವ. ತರ್ಕಶಾಸ್ತ್ರದ ಪ್ರಾರಂಭದಲ್ಲಿಯೇ ಕಲಿಯತಕ್ಕ ಈ ಮೂರು ದೋಷಗಳಲ್ಲಿ ಮೊದಲೆರಡು ಇಲ್ಲಿ ಸ್ಪಷ್ಟವಾಗಿವೆ. ಮನೋರೋಗದಿಂದ ಭಾವಪ್ರತಿಕ್ರಿಯೆಯು ಕುಂದಿದ ಕೆಲವು ಮನುಷ್ಯರು ಈ ಪರೀಕ್ಷೆಯಲ್ಲಿ ಸೋತಾರೆಂಬ ಶಂಕೆಯನ್ನು ಕಾದಂಬರಿಯ ಅಧಿಕಾರಿಗಳೇ ಎತ್ತುವರು: ಇದು ಅವ್ಯಾಪ್ತಿ. ಫಿಲ್ ರೆಶ್ ಎಂಬ ಇನ್ನೊಬ್ಬ ಬೇಟೆಗಾರನು ಆಂಡ್ರಾಯ್ಡುಗಳನ್ನು ಕೊಲ್ಲುವುದರಲ್ಲಿ ನಿರಾತಂಕನು. ಮೊಟ್ಸಾರ್ಟನ ಗೀತನಾಟಕದಲ್ಲಿ ಹಾಡುವ ಲೂಬಾ ಲುಫ್ಟ್ ಎಂಬ ಗಾಯಕಿಯ ಮೇಲೆ ಆಯುಧವನ್ನು ಪ್ರಯೋಗಿಸಿ ಅವನಿಗೆ ಕಿಂಚಿತ್ತೂ ಕ್ಲೇಶವಿಲ್ಲ. ಇವನೇ ಆಂಡ್ರಾಯ್ಡಿರಬೇಕೆಂದು ಡೆಕಾರ್ಡನು ಪರೀಕ್ಷಿಸಿದರೆ, ಅವನು ಮನುಷ್ಯನೆಂದು ತೇಲುವುದು! ದಯೆಯಿಲ್ಲದವನಲ್ಲಿಯೂ ಮಾಪಕವು ಅನುಕಂಪೆಯನ್ನು ಕಂಡಿತು: ಇದು ಅತಿವ್ಯಾಪ್ತಿ. ಬಳಿಕ ಡೆಕಾರ್ಡನು ತನ್ನ ಮೇಲೆಯೇ ಪ್ರಯೋಗಿಸಿಕೊಂಡಾಗ, ತಾನು ಕೊಲ್ಲಬೇಕಾದ ಆಂಡ್ರಾಯ್ಡು ಸ್ತ್ರೀಯ ವಿಷಯದಲ್ಲಿ ತನ್ನ ಮುಳ್ಳು ಅಲುಗುವುದನ್ನು ಕಾಣುವನು.

ಇನ್ನೂ ಒಂದು ದೋಷವುಂಟು. ಹೊಗೆಗೂ ಬೆಂಕಿಗೂ ಇರುವ ಸಂಬಂಧದಲ್ಲಿ ಹಸಿಸೌದೆಯು ಉಪಾಧಿಯಾಗಿರುವಂತೆ, ಈ ಪರೀಕ್ಷೆಯಲ್ಲಿ ಆ ಕಾಲದ ಆಚಾರವೇ ಉಪಾಧಿಯಾಗಿದೆ. ಬದುಕಿರುವ ಸಮುದ್ರದ ಸಿಗಡಿಯೊಂದನ್ನು ಕುದಿಯುವ ನೀರಿಗೆ ಹಾಕುವ ಪ್ರಸಂಗವು ಪ್ರಶ್ನೆಗಳಲ್ಲೊಂದು. ಪ್ರಾಣಿಗಳು ಅಳಿದು ಪೂಜ್ಯವಾದ ಲೋಕದಲ್ಲಿ ಅದು ಘೋರವೆನಿಸೀತು. ೧೯೬೮ರಲ್ಲಿ ಆ ಪುಸ್ತಕವನ್ನು ಕೊಂಡು ಓದಿದ ಅಮೆರಿಕದ ಅನೇಕರ ಅಡಿಗೆಮನೆಯಲ್ಲಿ ಅದು ನಿತ್ಯವ್ಯವಹಾರ. ಅವರೆಲ್ಲರೂ ಆಂಡ್ರಾಯ್ಡುಗಳೇ?

ಪೂರ್ವಪಕ್ಷದವರು ಜೇಡನ ಪ್ರಸಂಗವನ್ನು ಮುಂದಿಡುವರು. ಪ್ರಿಸ್ ಎಂಬ ಆಂಡ್ರಾಯ್ಡು ಹೆಂಗಸು, ನಾಲ್ಕೇ ಕಾಲುಗಳಲ್ಲಿ ನಡೆದೀತೆ ನೋಡೋಣವೆಂದು ಜೇಡನ ಕಾಲುಗಳನ್ನು ಕತ್ತರಿಸುವಳು. ಅವರಿಗೆ ಆಶ್ರಯವಿತ್ತ ಇಸಿಡೋರನು, ಬುದ್ಧಿಪರೀಕ್ಷೆಯಲ್ಲಿ ಸೋತವನೆಂದು ರಾಜ್ಯವು ತಳ್ಳಿಹಾಕಿದವನು, ಕಣ್ಣಾರೆ ಕಂಡು ಬೆಂದುಹೋಗುವನು. ಈ ಕ್ರೌರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾರಣವನ್ನು ವಿಚಾರಿಸಬೇಡವೆ? ಹಸುಗೂಸಿನ ಸ್ತನ್ಯಾಭಿಲಾಷೆಯನ್ನು ಕಂಡು ನೈಯಾಯಿಕರು ಪೂರ್ವಾಭ್ಯಾಸವನ್ನು ಊಹಿಸಿದರು. ಅನುಭವವಿಲ್ಲದೆ ಸಂಸ್ಕಾರವಿಲ್ಲ, ಸಂಸ್ಕಾರವಿಲ್ಲದೆ ಪ್ರವೃತ್ತಿಯಿಲ್ಲ. ತಾಯ ಮಡಿಲು, ಬಾಲ್ಯ, ಮುಪ್ಪು ಇವಾವುವೂ ಇಲ್ಲದೆ ನಾಲ್ಕು ವರ್ಷ ದಾಸ್ಯದಲ್ಲಿ ಬದುಕುವವನಿಗೆ ದಯೆಯ ಅಭ್ಯಾಸವನ್ನು ಮಾಡಿಸಿದವರು ಯಾರು? ಅವರ ಮನಸ್ಸಿನ ಕೊರತೆಯು ಶರೀರವನ್ನು ರಚಿಸಿದವರು ಮೊದಲೇ ಮಾಡಿದ ಕೊರತೆಯ ಫಲ. ಚಲಚ್ಚಿತ್ರದ ರೇಚಲಳಿಗೆ ಬೇರೊಬ್ಬಳ ಬಾಲ್ಯದ ಸ್ಮೃತಿಗಳನ್ನು ತುಂಬಿರುವುದು ಈ ಕೊರತೆಯನ್ನು ಮುಚ್ಚುವ ಉಪಾಯವೇ ಆಗಿದೆ. ಶರೀರವಿಚಾರವನ್ನು ಬಿಟ್ಟು ಮನೋವಿಚಾರವನ್ನು ಮಾಡುವ ವಿಮರ್ಶಕರು ಈ ಕಾರಣಕಾರ್ಯಭಾವವನ್ನು ಕಾಣದೆ ಹೋಗುವರು.

ಹಾಗಾದರೆ ಸಿದ್ಧಾಂತವೇನು? ಇದಕ್ಕೆ ಚಾಪೆಕನ ಕೊನೆಯ ದೃಶ್ಯವನ್ನು ನೋಡಬೇಕು. ಮನುಷ್ಯರೆಲ್ಲರೂ ಹತರಾಗಿ ಆಲ್ಕ್ವಿಸ್ಟ್ ಎಂಬ ವೃದ್ಧನೊಬ್ಬನೇ ಉಳಿದಿರುವನು. ರೋಬಾಟುಗಳ ರಚನಾರಹಸ್ಯವನ್ನು ಬರೆದ ಕಾಗದಗಳು ಸುಟ್ಟುಹೋಗಿವೆ. ಪ್ರೀಮಸ್ ಎಂಬ ರೋಬಾಟೂ ಹೆಲೆನಾ ಎಂಬ ಹೆಸರನ್ನೇ ಹೊತ್ತ ರೋಬಾಟು ತರುಣಿಯೂ ಪರಸ್ಪರ ಅನುರಕ್ತರಾದುದನ್ನು ಅವನು ಕಂಡು, ಇಬ್ಬರಲ್ಲೊಬ್ಬರನ್ನು ಸೀಳಿ ಪರೀಕ್ಷಿಸುವೆನೆನ್ನುವನು. ಅವಳಿಗೆ ಬದಲಾಗಿ ತಾನೆಂದು ಅವನೂ, ಅವನಿಗೆ ಬದಲಾಗಿ ತಾನೆಂದು ಅವಳೂ ಮುಂದೆ ಬರುವರು. ಶಂಖಚೂಡನಿಗೆ ಬದಲಾಗಿ ವಧ್ಯಶಿಲೆಯನ್ನೇರಿದ ಜೀಮೂತವಾಹನನನ್ನು ನಾಗಾನಂದದಲ್ಲಿ ಓದಿದವರಿಗೆ ಈ ದೃಶ್ಯದ ಜಾತಿಯನ್ನು ಹೇಳಿಕೊಡಬೇಕಾಗಿಲ್ಲ; ಇದು ದಯಾವೀರ. ಇಲ್ಲಿ ಕೆನ್ನೆಯನ್ನಾಗಲಿ ಕಣ್ಣನ್ನಾಗಲಿ ಅಳೆಯುವವರಿಲ್ಲ. ಪರೀಕ್ಷಕನು ಕತ್ತಿಯನ್ನು ಕೆಳಗಿಟ್ಟು ಅವರನ್ನು ಹೊಸ ಆದಿದಂಪತಿಗಳಾಗಿ ಕಳುಹಿಸಿಕೊಡುವನು. ಚಲಚ್ಚಿತ್ರದಲ್ಲಿಯೂ ರಾಯ್ ಬ್ಯಾಟಿಯು ತನ್ನನ್ನು ಕೊಲ್ಲಬಂದ ಡೆಕಾರ್ಡನು ಬೀಳುತ್ತಿರುವಾಗ ಕೈಹಿಡಿದೆತ್ತಿ, ಬಳಿಕ ತಾನು ಸಾಯುವನು. ಎರಡು ಕಡೆಯಲ್ಲಿಯೂ ಪ್ರಮಾಣವಾದುದು ಪ್ರತಿಕ್ರಿಯೆಯಲ್ಲ, ಕ್ರಿಯೆ.

ಚಾಪೆಕನಲ್ಲಿ ಒಂದು ನ್ಯೂನತೆಯನ್ನು ಮುಚ್ಚಿಡಲಾಗದು. ತೊಟ್ಟಿಗಳನ್ನೂ ನರಗಳ ಗಿರಣಿಯನ್ನೂ ಅಷ್ಟು ವಿವರವಾಗಿ ವರ್ಣಿಸಿದವನು, ಸಂತಾನಶಕ್ತಿಯಿಲ್ಲದ ಜಾತಿಯಿಂದ ಆದಿದಂಪತಿಗಳು ಹೇಗಾದರೆಂಬಲ್ಲಿ ಮೌನವಹಿಸಿರುವನು. ಡಿಕ್ಕನು ಇಂತಹ ಪ್ರಸಾದಾಂತವನ್ನು ಕೊಡದೆ, ಸಂಶಯವನ್ನು ಕೊನೆಯವರೆಗೂ ಉಳಿಸಿಕೊಂಡಿರುವುದು ಅವನ ಹೆಚ್ಚಳ. ಶರೀರದಲ್ಲಿ ಮನುಷ್ಯನಾಗಿದ್ದೂ ಇತರರ ನೋವನ್ನು ಲೆಕ್ಕಿಸದವನೇ ತನ್ನ ಆಂಡ್ರಾಯ್ಡೆಂದು ಅವನು ೧೯೭೦ರ ದಶಕದ ತನ್ನ ಉಪನ್ಯಾಸಪ್ರಬಂಧಗಳಲ್ಲಿ ಪ್ರತಿಪಾದಿಸಿರುವನು. ಇದರಿಂದ ನಮ್ಮ ಪಕ್ಷವು ದೃಢವಾಗುವುದಲ್ಲದೆ ಶಿಥಿಲವಾಗುವುದಿಲ್ಲ. ಏಕೆಂದರೆ ದೋಷವನ್ನು ಅವನು ಜಾತಿಯಲ್ಲಿಡಲಿಲ್ಲ, ನಡತೆಯಲ್ಲಿಟ್ಟನು.

ಲಕ್ಷಣದೋಷವು ಪಾಠಶಾಲೆಯ ವಾದದಲ್ಲಿ ಸೋಲನ್ನು ಮಾತ್ರ ತರುವುದು. ಮನುಷ್ಯಲಕ್ಷಣದಲ್ಲಿ ದೋಷವು ಬಂದರೆ, ಲಕ್ಷಣದ ಹೊರಗೆ ಬಿದ್ದವರ ಪ್ರಾಣವೇ ಹೋಗುವುದು. ಇಸಿಡೋರನಂಥವರ ಮಾನವೂ ಹೋಗುವುದು. ಈ ಕೃತಿಗಳನ್ನು ತರಗತಿಗಳಲ್ಲಿ ಬೋಧಿಸುವ ಅಧ್ಯಾಪಕರು, ಇವರಲ್ಲಿ ಕೃತಕರು ಯಾರೆಂಬ ಪ್ರಶ್ನೆಯಲ್ಲಿಯೇ ವಿದ್ಯಾರ್ಥಿಗಳನ್ನು ನಿಲ್ಲಿಸದೆ, ಪರೀಕ್ಷಿಸುವ ಅಧಿಕಾರವು ಯಾರ ಕೈಯಲ್ಲಿದೆ, ಅವನು ಪರೀಕ್ಷೆಯ ಬಳಿಕ ಏನು ಮಾಡಿದನು ಎಂಬ ವಿಚಾರಕ್ಕೆ ಅವರನ್ನು ಕರೆದೊಯ್ಯುವುದು ಉಚಿತವೆಂದು ನಮಗೆ ತೋರುತ್ತದೆ. ಆಲ್ಕ್ವಿಸ್ಟನು ಕತ್ತಿಯನ್ನು ಕೆಳಗಿಟ್ಟನು. ಡೆಕಾರ್ಡನು ತನ್ನ ಮುಳ್ಳು ಅಲುಗಿದುದನ್ನು ಕಂಡೂ ಆ ದಿನದ ಕೆಲಸವನ್ನು ಮುಗಿಸಿಯೇ ಮನೆಗೆ ಹೋದನು. ಈ ತಾರತಮ್ಯವನ್ನು ಸಹೃದಯರು ಪರಾಂಬರಿಸಬೇಕು.