ನಾಯಕಲಕ್ಷಣವೂ ‘ಹೋರಾಟದ ಹಾದಿ’ಯೂ

ಧನಂಜಯನು ತನ್ನ ದಶರೂಪಕದಲ್ಲಿ ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತರೆಂದು ವಿಂಗಡಿಸಿರುವುದು ವಾಚಕರಿಗೆ ತಿಳಿದ ವಿಷಯವೇ. ನಾಟಕಕ್ಕೆಂದು ಹೇಳಿದ ಈ ಲಕ್ಷಣಗಳಿಂದ ಜನಾಂದೋಲನದ ಮುಂದಾಳನ್ನು ಅಳೆಯಬಹುದೆ? ಗೌರೀಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’ಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ಉದಾತ್ತನೂ ಉದ್ಧತನೂ ಇಬ್ಬರೂ ಧೀರರೇ. ಚಳವಳಿಯ ಮೊದಲ ದಿನ ಯಾರು ಯಾರೆಂದು ತಿಳಿಯುವುದೇ ಕಷ್ಟ. ಆದರೆ ಉದ್ಧತನು ತನ್ನನ್ನು ತಾನೇ ಹೊಗಳಿಕೊಳ್ಳುವನು. ಉದಾತ್ತನು ಅವಿಕತ್ಥನ, ದೃಢವ್ರತ. ತನ್ನ ಕಥೆಯನ್ನು ತಾನೇ ಹೇಳುವವನು ಅವಿಕತ್ಥನನಾಗಿ ಉಳಿಯುವುದು ಹೇಗೆಂಬುದೇ ಆತ್ಮಕಥೆಯ ತೊಡಕು. ಇಲ್ಲಿ ಹೆಸರೇ ಗಮನಾರ್ಹ: ಹೇಳಿರುವುದು ಹಾದಿಯನ್ನು, ನಡೆದವನನ್ನಲ್ಲ. ದೃಢವ್ರತಕ್ಕಂತೂ ಬಾಳೇ ಸಾಕ್ಷಿ. 1942ರಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ನಡೆದವರು, ಮುಂದೆ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರೂ ವಿದ್ಯಾರ್ಥಿನಿಲಯದ ಕೋಣೆಯ ವಾಸವನ್ನು ಬಿಡಲಿಲ್ಲ.

ಧನಂಜಯನ ಪಟ್ಟಿಯಲ್ಲಿಲ್ಲದ ಗುಣವೊಂದು ಇವರಲ್ಲಿದೆ. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನು ರಚಿಸಿದ ಇವರು, ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಕಲಿಸಿದರು. ಆ ಮಾತಿಗೆ ಹೇಳಿದವನೂ ಹೊರತಲ್ಲವಷ್ಟೆ! ಅನುಯಾಯಿಗಳ ಕೈಗೆ ತನ್ನನ್ನೇ ಒರೆಹಚ್ಚುವ ಕಲ್ಲನ್ನು ಕೊಡುವ ನಾಯಕನು ನಮ್ಮ ನಾಟಕಗಳಲ್ಲಿ ಅಪರೂಪ. ಸಭೆಗಳಲ್ಲಿ ಇನ್ನೂ ಅಪರೂಪ.

ಆದರೂ ಶಾಸ್ತ್ರವೂ ಆತ್ಮಕಥೆಯೂ ಒಂದೆಡೆ ಸಮಾನವಾಗಿ ಸೋಲುತ್ತವೆ. ಫಲವು ನಾಯಕನಿಗೇ ಸಲ್ಲಬೇಕೆಂಬುದು ನಾಟಕದ ನಿಯಮ. ಅದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧವನ್ನು ಲೆಕ್ಕಿಸದೆ ಧ್ವಜಸತ್ಯಾಗ್ರಹಕ್ಕೆ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರು 30ಕ್ಕೂ ಮೇಲೆಂದು ಜನರ ಎಣಿಕೆ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಮೆ. ಬಳಿಕ ಸರ್ದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಗಿ ಕಾಂಗ್ರೆಸ್ ಧ್ವಜಕ್ಕೆ ಎಡೆ ದೊರೆಯಿತು. ಫಲವನ್ನು ಬಿದ್ದವರು ಕಾಣಲಿಲ್ಲ. ಅಂದಿನ ನಾಯಕನಾರು? ಪಟೇಲರೆ, ದಿವಾನರೆ? ಮುಂದಾಳಿನ ಮಾತನ್ನು ನೆಚ್ಚಿ ಬಂದು ಎದೆಯೊಡ್ಡಿದ ಒಕ್ಕಲಿಗನಿಗೆ ಶಾಸ್ತ್ರದಲ್ಲಿ ಹೆಸರೇ ಇಲ್ಲ. ಆತ್ಮಕಥೆಯನ್ನು ಬರೆಯುವವನು ಬದುಕಿ ಉಳಿದವನು. ಇದು ಈ ಗ್ರಂಥದ ದೋಷವಲ್ಲ, ಪ್ರಕಾರದ ಮಿತಿ. ‘ಹೋರಾಟದ ಹಾದಿ’ಯನ್ನು ಪಾಠ ಹೇಳುವ ಉಪಾಧ್ಯಾಯರು ಮಕ್ಕಳನ್ನು ಒಮ್ಮೆ ವಿದುರಾಶ್ವತ್ಥಕ್ಕೂ ಕರೆದೊಯ್ಯಲಿ, ಗೌರೀಬಿದನೂರಿನಿಂದ ಅದೇನೂ ದೂರವಲ್ಲ.