ಮೆರಿಟ್ ಎಂಬ ಮಡಿಬಟ್ಟೆ

ಇಂಗ್ಲಿಷಿನಿಂದ ಬಂದು ನಮ್ಮ ಬಾಯಲ್ಲಿ ಕೂತ ಮಾತುಗಳು ಸಾವಿರ ಇವೆ. ಬಸ್ಸು, ಪೆನ್ನು, ಲೈಟು ಯಾವುದೂ ನಮ್ಮನ್ನು ಹೀಯಾಳಿಸಿಲ್ಲ. ‘ಮೆರಿಟ್’ ಎಂಬ ಮಾತು ಮಾತ್ರ ಬಂದಾಗಿನಿಂದ ನಮ್ಮ ಎದೆ ಮೇಲೇ ಕೂತಿದೆ. ಕಾಲೇಜಿನ ಕಾರಿಡಾರಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ಮನೆ ಬಾಡಿಗೆ ಕೇಳುವಲ್ಲಿ ಕೂಡ ಈ ಮಾತು ನಮ್ಮ ಜಾತಿ ಕೇಳುತ್ತದೆ. ಜಾತಿ ಯಾವುದು ಅಂತ ನೇರ ಕೇಳಲು ಈಗ ನಾಚಿಕೆ. ಅದಕ್ಕೇ ‘ಮೆರಿಟ್ಟಾ, ಕೋಟಾನಾ’ ಅಂತ ಕೇಳ್ತಾರೆ. ಆದ್ದರಿಂದ ಈ ಮಾತಿನ ಕುಲಗೋತ್ರವನ್ನು ನಾವೂ ಒಮ್ಮೆ ವಿಚಾರಿಸೋಣ.

ಮೂಲ ಲ್ಯಾಟಿನ್ನು. ಗಳಿಸು, ದುಡಿದು ಸಂಪಾದಿಸು ಎಂಬ ಅರ್ಥದ ಧಾತು. ಮೆರಿಟ್ ಎಂದರೆ ಗಳಿಸಿದ್ದು. (ಅದೇ ಧಾತುವಿನಿಂದ ಲ್ಯಾಟಿನ್ನಿನಲ್ಲಿ ವೇಶ್ಯೆಗೂ ಒಂದು ಹೆಸರು ಬಂದಿದೆ, ದುಡಿದು ಗಳಿಸುವವಳು ಅಂತ. ಮೆರಿಟ್ಟಿನ ಮಡಿವಂತರು ಈ ದಾಯಾದಿಯನ್ನು ಒಪ್ಪಿಕೊಳ್ತಾರೋ ಇಲ್ಲವೋ.) ಇಂಗ್ಲಿಷಿನ ಕೋರ್ಟಿನಲ್ಲಿ ‘ಮೆರಿಟ್ಸ್ ಮೇಲೆ’ ತೀರ್ಪು ಕೊಡುವುದೆಂದರೆ ತಾಂತ್ರಿಕ ನೆಪಗಳನ್ನು ಬದಿಗಿಟ್ಟು ವ್ಯಾಜ್ಯದ ತಿರುಳನ್ನೇ ನೋಡುವುದು. ಬೌದ್ಧ ಗ್ರಂಥಗಳನ್ನು ಇಂಗ್ಲಿಷಿಗೆ ತಂದವರು ‘ಪುಣ್ಯ’ಕ್ಕೂ ಇದೇ ಮಾತು ಬಳಸಿದರು. ಬೌದ್ಧರಲ್ಲಿ ಒಬ್ಬ ಗಳಿಸಿದ ಪುಣ್ಯವನ್ನು ಸಕಲ ಜೀವಿಗಳಿಗೂ ಅರ್ಪಿಸುವ ಪದ್ಧತಿ ಇದೆ. ಹಂಚಿಕೊಳ್ಳುವ ಮೆರಿಟ್ಟು! ನಮ್ಮಲ್ಲಿ ಪುಣ್ಯದ ಗತಿ ಬೇರೆ. ‘ಅವರು ಪಡ್ಕೊಂಡು ಬಂದವರು ಕಣಪ್ಪ’ ಅಂತೀವಿ. ದುಡಿದು ಪಡೆದದ್ದಲ್ಲ, ಹುಟ್ಟುವಾಗಲೇ ಕಂಕುಳಲ್ಲಿ ಇಟ್ಟುಕೊಂಡು ಬಂದದ್ದು. ಲ್ಯಾಟಿನ್ನಿನಲ್ಲಿ ಗಳಿಕೆಯಾಗಿದ್ದ ಮಾತು ನಮ್ಮ ನೆಲಕ್ಕೆ ಇಳಿದ ಕೂಡಲೇ ಹುಟ್ಟಾಗಿಬಿಟ್ಟಿತು.

ಕನ್ನಡದ ಪಂಡಿತರು ಇದಕ್ಕೆ ಕೊಟ್ಟ ಪರ್ಯಾಯಗಳನ್ನು ನೋಡಿ. ‘ಅರ್ಹತೆ’ ಸರ್ಕಾರಿ ಮಾತು, ಅರ್ಜಿ ನಮೂನೆಯ ವಾಸನೆ. ‘ಯೋಗ್ಯತೆ’ ನಿಘಂಟಿನಲ್ಲಿ ಮರ್ಯಾದಸ್ಥ ಪದ, ಬೀದಿಯಲ್ಲಿ ಬೈಗುಳ. ‘ನಿನ್ನ ಯೋಗ್ಯತೆಗೆ ಇಷ್ಟು ಸಾಕು’ ಎಂದು ಗೌಡರ ಜಗಲಿಯಿಂದ ನಮ್ಮಪ್ಪಂದಿರು ಕೇಳಿಸಿಕೊಂಡದ್ದು ಈ ಪದವನ್ನೇ. ಇನ್ನು ‘ಪ್ರತಿಭೆ’. ಸಂಸ್ಕೃತದ ಕಾವ್ಯಮೀಮಾಂಸಕರು ಪ್ರತಿಭೆಯನ್ನು ಬಹುಮಟ್ಟಿಗೆ ಸಹಜ, ಹುಟ್ಟಿನಿಂದಲೇ ಬರುವ ಶಕ್ತಿ ಎಂದರು. ಕವಿಗೆ ಹೇಳಿದ ಈ ಮಾತನ್ನು ತಂದು ಅಂಕಪಟ್ಟಿಗೆ ಅಂಟಿಸಿದ್ದೇವೆ. ಜಾತಿ ಸಂಘಗಳು ವರ್ಷಾ ವರ್ಷಾ ‘ಪ್ರತಿಭಾ ಪುರಸ್ಕಾರ’ ನಡೆಸ್ತವೆ. ತಮ್ಮ ತಮ್ಮ ಜಾತಿಯ ಮಕ್ಕಳನ್ನೇ ಕೂರಿಸಿ ಶಾಲು ಹೊದಿಸುವ ಈ ಸಭೆಗಳಲ್ಲಿ, ಮೀಸಲಾತಿಯಿಂದ ಪ್ರತಿಭೆ ನಾಶವಾಗುತ್ತಿದೆ ಎಂದು ಭಾಷಣ ಮಾಡುವವರಿಗೆ ಎದುರಿನ ಬ್ಯಾನರು ಕಾಣುವುದಿಲ್ಲ.

ನಿಘಂಟಿನಲ್ಲಿ ಇರದ ಪರ್ಯಾಯಗಳು ನಮ್ಮ ಕೇರಿಗಳಲ್ಲಿವೆ. ಕೈಗುಣ, ಹದ, ಪಳಗಿದ ಕೈ, ಗಟ್ಟಿಗಿತ್ತಿ. ತಮಟೆಯ ಚರ್ಮವನ್ನು ಬೆಂಕಿಗೆ ಎಷ್ಟು ಹೊತ್ತು ಹಿಡಿಯಬೇಕು ಎಂದು ಗೊತ್ತಿರುವುದು ಹದ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಅಕ್ಷರ ಕಲಿತವರಲ್ಲ. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಪತ್ರಿಕೆಗಳು ಅವರನ್ನು ಸೇವೆ, ಮಮತೆ, ತ್ಯಾಗ ಎಂದೆಲ್ಲ ಹೊಗಳಿದವು. ಮೆರಿಟ್ ಎಂದು ಬರೆದದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಕೈ ಮಾಡುವ ಕೆಲಸಕ್ಕೆ ಆ ಮಾತು ಸಲ್ಲುವುದಿಲ್ಲವಂತೆ.

ಮಾತಿನ ಅರ್ಥ ತಿಳಿಯಬೇಕಾದರೆ ಅದರ ವಿರುದ್ಧಪದ ಯಾವುದು ಅಂತ ನೋಡಬೇಕು. ಇಂಗ್ಲಿಷಿನಲ್ಲಿ ಮೆರಿಟ್ಟಿಗೆ ಎದುರು ದೋಷ, ಕುಂದು. ಕರ್ನಾಟಕದಲ್ಲಿ ಒಂದು ಕಾಲಕ್ಕೆ ಎದುರಿದ್ದದ್ದು ಡೊನೇಷನ್. ‘ಮೆರಿಟ್ ಸೀಟಾ, ಡೊನೇಷನ್ ಸೀಟಾ?’ ಅದು ನ್ಯಾಯವಾದ ಪ್ರಶ್ನೆಯೇ. ಕ್ಯಾಪಿಟೇಷನ್ ಹಾವಳಿ ತಡೆಯಲು 1984ರಲ್ಲಿ ನಮ್ಮ ರಾಜ್ಯವೇ ಕಾಯಿದೆ ಮಾಡಬೇಕಾಯಿತು. ಆದರೂ 1989ರ ಸರ್ಕಾರಿ ಅಧಿಸೂಚನೆ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರ ರಾಜ್ಯದವರಿಗೆ 60,000ದವರೆಗೆ ಎಂದು ದರ ಕಟ್ಟಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಆಮೇಲೆ ಪೇಮೆಂಟ್ ಸೀಟು, ಮ್ಯಾನೇಜ್‌ಮೆಂಟ್ ಕೋಟಾ, ಎನ್ಆರ್‌ಐ ಕೋಟಾ ಎಂದು ಹೆಸರು ಬದಲಾಗುತ್ತಾ ಬಂತು. ಕೋಟಾ ಎಂಬ ಮಾತು ಅಲ್ಲೂ ಇದೆ, ಗಮನಿಸಿ. ಆ ಕೋಟಾದಿಂದ ಬಂದ ಡಾಕ್ಟರ ಚಾಕು ನಡುಗೀತು ಅಂತ ಯಾರೂ ಹೆದರಿದ್ದನ್ನು ನಾವು ಕೇಳಿಲ್ಲ. ಮೆರಿಟ್ಟಿನ ಎದುರು ಇದ್ದ ದುಡ್ಡು ಮೆಲ್ಲಗೆ ಸರಿದುಕೊಂಡಿತು, ಆ ಜಾಗಕ್ಕೆ ನಮ್ಮನ್ನು ನಿಲ್ಲಿಸಲಾಯಿತು.

ಈ ದೂರು ಹೊಸದಲ್ಲ. 1918ರಲ್ಲಿ ಮೈಸೂರಿನ ಮಹಾರಾಜರು ಬ್ರಾಹ್ಮಣೇತರರ ಪ್ರಾತಿನಿಧ್ಯಕ್ಕಾಗಿ ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನ್ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಅವರ ವಾದ ದಕ್ಷತೆಯದು. ದಕ್ಷತೆ ಮೆರಿಟ್ಟಿನ ಅಣ್ಣ. ಕನ್ನಂಬಾಡಿ ಕಟ್ಟೆ ಕಟ್ಟಿಸಿದ ದೊಡ್ಡ ಎಂಜಿನಿಯರಿಗೆ ಕಲ್ಲು ಹೊತ್ತವರ ದಕ್ಷತೆ ಲೆಕ್ಕಕ್ಕೆ ಬರಲಿಲ್ಲವಲ್ಲ ಎಂಬುದೇ ನಮ್ಮ ತಕರಾರು. ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ, 1936ರಲ್ಲೇ, ಇದರ ಬುಡ ಅಲ್ಲಾಡಿಸಿದ್ದಾರೆ. ವರ್ಣ ಹುಟ್ಟಿನಿಂದಲ್ಲ ಗುಣದಿಂದ ಎನ್ನುವ ಆರ್ಯಸಮಾಜಿಗಳನ್ನು ಅವರು ಕೇಳಿದ್ದು ಇಷ್ಟೇ: ಗುಣವೇ ಮುಖ್ಯ ಅಂದಮೇಲೆ ಬ್ರಾಹ್ಮಣ, ಶೂದ್ರ ಎಂಬ ಹಳೇ ಚೀಟಿ ಯಾಕೆ ಅಂಟಿಸ್ತೀರಿ? ಮನುಷ್ಯನ ಶಕ್ತಿ ಮೂರರಿಂದ ಬರುತ್ತದೆ ಎಂದೂ ಅಲ್ಲಿ ಬಿಡಿಸಿ ತೋರಿಸಿದರು: ದೇಹಕ್ಕೆ ಬಂದ ಆನುವಂಶಿಕತೆ, ಮನೆ ಮತ್ತು ಸಮಾಜ ಕೊಟ್ಟ ವಿದ್ಯೆ ಆಸರೆ, ಅವನ ಸ್ವಂತ ಪ್ರಯತ್ನ. ಮೂರನೆಯದು ಮಾತ್ರ ಅವನ ಗಳಿಕೆ. ಪರೀಕ್ಷೆಯ ಅಂಕ ಮೂರನ್ನೂ ಒಟ್ಟಿಗೆ ಕೂಡಿ ಬರೆದ ಮೊತ್ತ. ಅದರಲ್ಲಿ ಟ್ಯೂಷನ್ ಎಷ್ಟು, ತಾತನ ಲೈಬ್ರರಿ ಎಷ್ಟು, ಸಂಜೆ ದನ ಕಟ್ಟಿ ಬಂದು ಓದಿದ್ದೆಷ್ಟು ಅಂತ ಯಾವ ಮೌಲ್ಯಮಾಪಕನೂ ಬಿಡಿಸಿ ಹೇಳಲಾರ. 2022ರ ಜನವರಿಯಲ್ಲಿ ನೀಟ್ ಪಿಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೆಚ್ಚುಕಡಿಮೆ ಇದನ್ನೇ ಹೇಳಿತು. ನಡುವೆ 86 ವರ್ಷ.

‘ಮೆರಿಟಾಕ್ರಸಿ’ ಎಂಬ ಪದದ ಕತೆಯೂ ತಮಾಷೆಯಾಗಿದೆ. ಇಂಗ್ಲೆಂಡಿನ ಮೈಕೆಲ್ ಯಂಗ್ 1958ರಲ್ಲಿ ಅದನ್ನು ಪುಸ್ತಕದ ಹೆಸರಿಗೆ ಸೇರಿಸಿ ಪ್ರಸಿದ್ಧ ಮಾಡಿದ್ದು ವಿಡಂಬನೆಗಾಗಿ. ಓದಿದವರೇ ಅದನ್ನು ಆದರ್ಶವೆಂದು ಎದೆಗೆ ಹಚ್ಚಿಕೊಂಡರು. ಮುದುಕ 2001ರಲ್ಲಿ ಪತ್ರಿಕೆಗೆ ಬರೆದು ಗೊಣಗಿದ, ಯಾರೂ ಕೇಳಲಿಲ್ಲ.

ಮಾತು ಕೊಲ್ಲುತ್ತದೆಯೇ? 2019ರ ಮೇ ತಿಂಗಳಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಪಿಜಿ ಓದುತ್ತಿದ್ದ ಆದಿವಾಸಿ ವೈದ್ಯೆ ಪಾಯಲ್ ತಡ್ವಿ ಜೀವ ಕಳೆದುಕೊಂಡರು. ಜಾತಿ ಹಿಡಿದು, ಮೀಸಲಾತಿ ಹಿಡಿದು ಹಿರಿಯ ಸಹಪಾಠಿಗಳು ಹಂಗಿಸುತ್ತಿದ್ದರು ಎಂಬುದು ಮನೆಯವರ ದೂರು. ಎಂಬಿಬಿಎಸ್ ಮುಗಿಸಿದ್ದ ಹುಡುಗಿಗೆ ಇನ್ನೂ ಯಾವ ಯೋಗ್ಯತೆ ಬಾಕಿ ಇತ್ತು?

ನಮ್ಮ ರಾಜ್ಯದ್ದೇ ಒಂದು ವಿಶೇಷ ಉಳಿದಿದೆ. ಮೀಸಲಿಲ್ಲದ ಸೀಟಿಗೆ ಕೇಂದ್ರದವರು ‘ಅನ್‌ರಿಸರ್ವ್ಡ್’ ಅಂತಾರೆ, ತಮಿಳುನಾಡಿನವರು ‘ಓಪನ್ ಕಾಂಪಿಟಿಷನ್’ ಅಂತಾರೆ. ಕರ್ನಾಟಕ ಮಾತ್ರ ‘ಜನರಲ್ ಮೆರಿಟ್’ ಎಂದು ಹೆಸರಿಟ್ಟಿದೆ. ಜಿಎಂ. ಸಿಇಟಿ ಅರ್ಜಿಯಿಂದ ನೌಕರಿ ಅಧಿಸೂಚನೆಯವರೆಗೂ ಅದೇ. ಒಂದು ಕಾಲಂಗೆ ಮೆರಿಟ್ ಎಂದು ಹೆಸರಿಟ್ಟ ಮೇಲೆ ಮಿಕ್ಕ ಕಾಲಂಗಳಿಗೆ ಏನು ಉಳಿಯಿತು? ಈಗ ಹುಡುಗರು ‘ನಾವು ಜಿಎಂ’ ಅಂತ ಜಾತಿ ಹೇಳಿದ ಹಾಗೇ ಹೇಳ್ತಾರೆ. ಜಿಎಂ ಯಾರ ಜಾತಿಯೂ ಅಲ್ಲ, ಯಾರಪ್ಪನ ಜಹಗೀರೂ ಅಲ್ಲ. ಅಂಕ ಬಂದರೆ ನಮ್ಮ ಕೇರಿಯ ಹುಡುಗಿಗೂ ಆ ಸೀಟು ಸಿಗಬೇಕು, ಅವಳನ್ನು ಮೀಸಲು ಲೆಕ್ಕಕ್ಕೆ ಹಾಕುವಂತಿಲ್ಲ ಎಂದು 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲೇ ಇದೆ. ಹಳ್ಳಿಯ ಮೇಷ್ಟ್ರುಗಳು ಅರ್ಜಿ ತುಂಬಿಸುವಾಗ ಮಕ್ಕಳಿಗೆ ಇಷ್ಟು ಹೇಳಿ. ಸರ್ಕಾರ ಆ ಕಾಲಂಗೆ ‘ಮುಕ್ತ’ ಎಂದು ಬರೆದರೆ ಖಜಾನೆಗೇನೂ ನಷ್ಟವಿಲ್ಲ.