ಏಳು ಸಾಲಿನ ಬಂಡಿ

ಅಕ್ಕನ ಮಗ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುತ್ತಾನೆ. ಹೊಲಕ್ಕೂ ಸೊಪ್ಪು ಹದ ಮಾಡುವ ಬ್ಯಾರನ್ನಿಗೂ ನಡುವೆ ಸೊಪ್ಪು, ಸೌದೆ, ಗೊಬ್ಬರ ಸಾಗಿಸಲು ನಾಲ್ಕು ಗಾಲಿಯ ಪುಟ್ಟ ಬಂಡಿಯೊಂದನ್ನು ತಾನೇ ಜೋಡಿಸಬೇಕೆಂದು ಅವನ ಆಸೆ. ಹೊಸ ಜೀಪು ಅವನ ಕೈಗೆ ಎಟುಕುವ ಮಾತಲ್ಲ. ‘ಎಲ್ಲಿಂದ ಶುರು ಮಾಡಲಿ ಮಾವ?’ ಅಂದ. ಅವನ ನೋಟ್‌ಬುಕ್ಕಿನಲ್ಲಿ ಏಳು ಸಾಲು ಬರೆದುಕೊಟ್ಟೆ. ಮರುವಾರ ಫೋನು ಮಾಡಿ, ‘ಒಂದೊಂದೂ ಬಿಡಿಸಿ ಹೇಳಿ’ ಅಂದ. ಹೇಳಿದ್ದು ಇದು.

ನೆಲ ನೋಡಿ ಗಾಲಿ ಹಾಕು.

ಗಾಲಿಯನ್ನು ಮೊದಲ ಸಾಲಿಗೆ ತಂದದ್ದು ಬೇಕೆಂದೇ. ಬಂಡಿ ಕಟ್ಟಲು ಹೊರಟವರ ಕಣ್ಣು ಎಂಜಿನ್ನಿನ ಮೇಲಿರುತ್ತದೆ. ಮಣ್ಣಿಗೆ ತಾಗುವುದು ಗಾಲಿ ಮಾತ್ರ. ನಮ್ಮ ಸುತ್ತಲಿನ ನಾಲ್ಕು ತಾಲ್ಲೂಕಿನ ನೆಲವೂ ಒಂದೇ ಬಗೆಯದಲ್ಲ. ಕೆ.ಆರ್. ನಗರದಲ್ಲಿ ನಾಲೆಯ ನೀರು ಕುಡಿದ ಗದ್ದೆ. ಅಲ್ಲಿ ಕೆಸರು ತುಳಿಯಲು ಪವರ್ ಟಿಲ್ಲರಿನ ರಬ್ಬರ್ ಟೈರು ಬಿಚ್ಚಿ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಹುಣಸೂರು, ಪಿರಿಯಾಪಟ್ಟಣದ್ದು ಮರಳು ಬೆರೆತ ಕೆಂಪು ಮಣ್ಣು. ಹೊಗೆಸೊಪ್ಪು ಒಪ್ಪಿಕೊಂಡದ್ದು ಆ ಮಣ್ಣನ್ನೇ. ನೀರು ಬೇಗ ಬಸಿಯುತ್ತದೆ, ಮಳೆ ಬಿಟ್ಟ ಮೇಲೆ ಗಾಲಿ ಇಳಿಸಲು ಹೆಚ್ಚು ಕಾಯಬೇಕಿಲ್ಲ. ಎಚ್.ಡಿ. ಕೋಟೆಯಲ್ಲಿ ಹತ್ತಿ ಬೆಳೆಯುವ ಎರೆ ಭೂಮಿ ಸಿಗುತ್ತದೆ. ಒದ್ದೆ ಎರೆಮಣ್ಣು ಟೈರಿನ ಹಲ್ಲುಗಳ ಸಂದಿಗೆ ಮೆತ್ತಿ, ಅರ್ಧ ಫರ್ಲಾಂಗಿನೊಳಗೆ ಟೈರನ್ನು ನುಣ್ಣನೆ ಉರುಳೆ ಮಾಡಿಬಿಡುತ್ತದೆ. ಅಲ್ಲಿಗೆ ಹಲ್ಲು ಎತ್ತರವಾಗಿ, ದೂರ ದೂರ ಇರುವ ಟೈರೇ ಬೇಕು.

ಖರ್ಚಿಲ್ಲದ ಒಂದು ಉಪಾಯ: ಮೆತ್ತನೆ ನೆಲದಲ್ಲಿ ಗಾಳಿ ಇಳಿಸು. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚು ಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಕೂರುತ್ತದೆ, ಹೂಳುವುದಿಲ್ಲ. ಗಟ್ಟಿ ದಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಇಲ್ಲದಿದ್ದರೆ ಪಕ್ಕೆ ಸೀಳುತ್ತದೆ.

ಈ ಸಾಲು ಹುಣಸೂರಿಗೆ ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಆ ಊರು ಅಮೃತಮಹಲ್ ಎತ್ತುಗಳ ಕೇಂದ್ರವಾಗಿತ್ತು. ಮದರಾಸು ಸೇನೆಗೆ ಬೇಕಾದ ಚರ್ಮದ ಸಾಮಾನು, ಕಂಬಳಿ ಅಲ್ಲಿ ತಯಾರಾಗುತ್ತಿದ್ದವು. ಮರಮುಟ್ಟಿನ ಅಂಗಳದಲ್ಲಿ ಗಾಡಿಗಳನ್ನು ಕಟ್ಟುತ್ತಿದ್ದರು. ಸೇನೆಯ ಕಾರ್ಖಾನೆ ಮುಚ್ಚಿದ ಮೇಲೂ ಕಲಿತ ಕೈಗಳು ಊರಲ್ಲೇ ಉಳಿದವು. ಹುಡುಗ ತಾನು ಹೊಸದೇನೋ ಮಾಡಲು ಹೊರಟಿದ್ದೇನೆ ಅಂದುಕೊಂಡಿದ್ದ. ಬಂಡಿ ಕಟ್ಟುವುದು ಅವನ ಸೀಮೆಯ ಹಳೆಯ ಕಸುಬು ಎಂದು ತಿಳಿದಾಗ ಅವನ ದನಿಯೇ ಬೇರೆಯಾಯಿತು.

ಹೊರೆ ತೂಗಿ ಅಚ್ಚು ತಾ.

ನಿಂತ ಬಂಡಿಯ ಮೇಲೆ 300 ಕೆ.ಜಿ. ಇದ್ದರೆ, ಗುಂಡಿಗೆ ಬಿದ್ದ ಗಳಿಗೆಯಲ್ಲಿ ಅಚ್ಚಿನ ಮೇಲೆ ಅದರ ಎರಡರಷ್ಟು ಬೀಳಬಹುದು. ಅಚ್ಚನ್ನು ಆ ಗಳಿಗೆಗೆ ಆರಿಸಬೇಕು. ಮೈಸೂರಿನ ಹೂಟಗಳ್ಳಿಯಲ್ಲಿ, ಹುಣಸೂರು ರಸ್ತೆಯ ಮಗ್ಗುಲಲ್ಲೇ, ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆಯಿದೆ. ಆದರೆ ಅಲ್ಲಿಯವು ಲಾರಿ, ಬಸ್ಸುಗಳ ಅಚ್ಚು. ನಮಗೆ ಹೊಂದುವುದು ಹಳೆಯ ಮಾರುತಿ ಓಮ್ನಿಯ ಹಿಂದಿನ ಅಚ್ಚು. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೆ, ತಿರುಗುವುದು ಹಿಂದಿನ ಗಾಲಿ, ಹೊರುವುದು ಪಟ್ಟಿ ಸ್ಪ್ರಿಂಗು. ಇಷ್ಟು ಸರಳವಾದದ್ದು ಈ ಬೆಲೆಗೆ ಬೇರೆ ನನಗೆ ಕಂಡಿಲ್ಲ.

ಒಂದು ಕೊರತೆಯಿದೆ. ಡಿಫರೆನ್ಷಿಯಲ್ ಇರುವ ಅಚ್ಚಿನಲ್ಲಿ ಒಂದು ಗಾಲಿ ಕೆಸರಲ್ಲಿ ಜಾರಿದರೆ ಅದೇ ಗಿರಗಿರನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ಮನಿರುತ್ತದೆ. ಟಿಲ್ಲರಿನಲ್ಲಿ ಡಿಫರೆನ್ಷಿಯಲ್ಲೇ ಇಲ್ಲ. ಎರಡೂ ಗಾಲಿ ಒಟ್ಟಿಗೆ ತಿರುಗುತ್ತವೆ. 13 ಕುದುರೆ ಬಲದ ಟಿಲ್ಲರು ದೊಡ್ಡ ಗಾಡಿ ಹೂತುಹೋಗುವ ಕಡೆ ದಾಟುವುದರ ಗುಟ್ಟಿನಲ್ಲಿ ಇದೂ ಒಂದು.

ಎಂಜಿನ್ನು ನಿನ್ನೂರ ಮೇಸ್ತ್ರಿ ಬಿಚ್ಚಿ ನೋಡಿದ್ದಿರಲಿ.

ಕೆಟ್ಟರೆ ಊರಲ್ಲೇ ರಿಪೇರಿಯಾಗಬೇಕು. ಬಲ ಎಷ್ಟು ಎಂಬುದು ಎರಡನೇ ಪ್ರಶ್ನೆ. ಇದಕ್ಕೊಂದು ಸಾಕ್ಷಿ: 2007ರಿಂದ ಬಾಹಾ ಎಂಬ ಸ್ಪರ್ಧೆ ನಮ್ಮ ದೇಶದಲ್ಲಿ ನಡೆಯುತ್ತಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಬ್ಬರು ಕೂರುವ ಕಾಡುದಾರಿಯ ಬಂಡಿಯನ್ನು ತಾವೇ ಕಟ್ಟಿ, ಮಧ್ಯಪ್ರದೇಶದ ಪೀಥಂಪುರದಲ್ಲಿ ಓಡಿಸುತ್ತಾ ಬಂದಿದ್ದಾರೆ. ಪೆಟ್ರೋಲು ಬಂಡಿಗಳಿಗೆಲ್ಲ 10 ಕುದುರೆ ಬಲದ ಒಂದೇ ಎಂಜಿನ್. ಗೆಲುವು ಗೇರಿನಲ್ಲಿ, ತೂಕ ಇಳಿಸುವುದರಲ್ಲಿ. ಲೆಕ್ಕ ಹೀಗೆ: ಎಂಜಿನ್ನಿನ ತಿರುಚು ಬಲ 20 ನ್ಯೂಟನ್ ಮೀಟರ್ ಇರಲಿ. ಗೇರುಗಳಲ್ಲಿ ವೇಗವನ್ನು 40ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು 800 ಆಗುತ್ತದೆ. ಉಜ್ಜಾಟಕ್ಕೆ ನೂರಕ್ಕೆ ಹದಿನೈದು ಕಳೆದು, ಒಂದಡಿ ತ್ರಿಜ್ಯದ ಗಾಲಿಗೆ ಕೊಟ್ಟರೆ ನೆಲದ ಮೇಲೆ ಸುಮಾರು 230 ಕೆ.ಜಿ. ಎಳೆತ. ದಿಬ್ಬ ಹತ್ತಲು ಇಷ್ಟು ಸಾಕು. ನಡಿಗೆಯ ವೇಗವಿದ್ದರೂ ಸೊಪ್ಪು ಬ್ಯಾರನ್ ಸೇರುತ್ತದೆ.

ಚೌಕಟ್ಟಿಗೆ ಬೆಸುಗೆ, ಮಿಕ್ಕಿದ್ದಕ್ಕೆ ಬೋಲ್ಟು.

ಹೀಗೆ ಬೋಲ್ಟು ಹಾಕಿ ಜೋಡಿಸುವ ಬಂಡಿಗೆ ಕಿಟ್ ಅನ್ನುತ್ತಾರೆ. ಒಬ್ಬರು ಅಳತೆ ಮಾಡಿ ತೂತು ಕೊರೆದಿಟ್ಟದ್ದನ್ನು ಇನ್ನೊಬ್ಬರು ಪಾನಾ ಹಿಡಿದು ಜೋಡಿಸುವುದು. ಮಹೀಂದ್ರಾದವರು 1949ರಲ್ಲಿ ಮುಂಬಯಿಯಲ್ಲಿ ಮೊದಲು ಹೊರತಂದ ವಿಲ್ಲಿಸ್ ಜೀಪುಗಳು ಅಮೆರಿಕದಿಂದ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದಿದ್ದವು. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಮರಳುದಿಣ್ಣೆಯ ಬಂಡಿ ಮಾಡಿ, ಅದರ ಮೈಯನ್ನು ಕಿಟ್ಟಾಗಿ ಮಾರಿದ. ಎಂಜಿನ್ನು, ಗೇರು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನವು. ನಮ್ಮ ಓಮ್ನಿಯ ಯೋಚನೆಯೂ ಅದೇ ಜಾಡಿನದು.

ಬೆಸುಗೆಗೆ ನೀರಿನ ಜಿ.ಐ. ಪೈಪು ಬೇಡ. ಅದರ ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯೂ ಗಟ್ಟಿಯಾಗದು. ಬಾಹಾ ನಿಯಮದಲ್ಲಿ ಮುಖ್ಯ ಕೊಳವೆಗೆ 25 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪದ ಉಕ್ಕಿನ ಅಳತೆಯಿದೆ. ಅದನ್ನೇ ಇಟ್ಟುಕೊ, ಚೌಕಗಳನ್ನೆಲ್ಲ ಅಡ್ಡಕಂಬಿ ಕೊಟ್ಟು ತ್ರಿಕೋನ ಮಾಡು.

ಓಡುವ ಮೊದಲು ನಿಲ್ಲಲಿ.

ಬ್ರೇಕಿನ ಕೊಳವೆ ಎರಡು ದಾರಿಯಲ್ಲಿರಬೇಕು. ಒಂದು ಸೋರಿದರೂ ಇನ್ನೊಂದು ಹಿಡಿಯಬೇಕು. ಟಿಲ್ಲರು ಓಡಿಸಿದವರಿಗೆ ಇಳಿಜಾರಿನ ಭಯ ಗೊತ್ತು. ಮಟ್ಟ ನೆಲದಲ್ಲಿ ಎಡಗಡೆಯ ಸ್ಟೀರಿಂಗ್ ಕ್ಲಚ್ ಒತ್ತಿದರೆ ಎಡಕ್ಕೆ ತಿರುಗುವ ಅದು, ಇಳಿಜಾರಿನಲ್ಲಿ ಬಲಕ್ಕೆ ತಿರುಗುತ್ತದೆ. ಹಿಡಿತ ಬಿಟ್ಟ ಎಡಗಾಲಿ ಮುಂದಕ್ಕೆ ಜಾರುವುದೇ ಕಾರಣ. ತಿಳಿಯದೆ ಒತ್ತಿದ ಕೈ ಹಳ್ಳದ ಕಡೆಗೆ ಒಯ್ಯುತ್ತದೆ. ಹುಡುಗ ನಾಲ್ಕು ಗಾಲಿಯನ್ನೂ ಸ್ಟೀರಿಂಗ್ ಚಕ್ರವನ್ನೂ ಬೇಡಿದಾಗ ನಾನು ಒಡನೆ ಒಪ್ಪಿದ್ದು ಈ ಕಾರಣಕ್ಕೇ.

ತಲೆಗೆ ಕಂಬಿ, ಸೊಂಟಕ್ಕೆ ಪಟ್ಟಿ.

ಎರಡೂ ಜೊತೆಗಿರಬೇಕು. ಪಟ್ಟಿ ಕಟ್ಟಿಕೊಳ್ಳದವನು ಬಂಡಿ ಮಗುಚಿದಾಗ ಹೊರಕ್ಕೆ ಬಿದ್ದು, ಕಾಯಬೇಕಾದ ಕಂಬಿಯ ಅಡಿಯಲ್ಲೇ ಸಿಕ್ಕಿಕೊಳ್ಳುತ್ತಾನೆ.

ಬೇಲಿಯೊಳಗೆ ನಿನ್ನದು.

ಇದು ಅವನಿಗೆ ಹಿಡಿಸದ ಸಾಲು. ‘ನನ್ನ ಹೊಲದಲ್ಲಿ ಓಡಿಸಲು ಯಾರ ಅಪ್ಪಣೆ ಬೇಕು?’ ಅಂದ. 1988ರ ಮೋಟಾರು ವಾಹನ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡುವಾಗ ಸಾರ್ವಜನಿಕ ಸ್ಥಳವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಬೇರೆ ಯಾವುದೇ ಸ್ಥಳವನ್ನೂ ಸೇರಿಸುತ್ತದೆ. ಬಿಟ್ಟಿರುವುದು ಹಳಿಯ ಮೇಲೆ ಓಡುವ ಗಾಡಿಯಂಥ ಕೆಲವನ್ನು, ಮತ್ತೆ ಕಾರ್ಖಾನೆಯಲ್ಲೋ ಆವರಣದೊಳಗೋ ಮಾತ್ರ ಬಳಸಲೆಂದೇ ಮಾಡಿದ ವಿಶೇಷ ವಾಹನವನ್ನು. ಹಾಗಾಗಿ ಬೇಲಿ ಅನ್ನುವುದನ್ನು ನಾನು ಮಾತಿನ ಚಂದಕ್ಕೆ ಬರೆದಿಲ್ಲ. ಉತ್ತರ ಭಾರತದಲ್ಲಿ ಸಿಕ್ಕಿದ್ದನ್ನು ಸೇರಿಸಿ ಕಟ್ಟುವ ಜುಗಾಡ್ ಗಾಡಿಗಳೂ ಮೋಟಾರು ವಾಹನಗಳೇ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಹೊಸ ಮಾದರಿ ರಸ್ತೆಗೆ ಇಳಿಯಬೇಕಾದರೆ ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆ ಪರೀಕ್ಷಿಸಿ ಒಪ್ಪಬೇಕು. ಒಂದೇ ಬಂಡಿ ಕಟ್ಟುವ ರೈತನಿಗೆ ಆ ಖರ್ಚು ಭರಿಸಲಾಗದು. ಕೆಲಸ ಶುರುವಾಗುವ ಮೊದಲೇ ಹುಣಸೂರಿನ ಸಾರಿಗೆ ಕಚೇರಿಗೆ ಹೋಗಿ ಕೇಳು, ಓಮ್ನಿಯ ಆರ್.ಸಿ. ರದ್ದು ಮಾಡಿಸಿದ ಮೇಲೆ ಬಿಚ್ಚು ಅಂದೆ.

ಅವನ ಹೊಲಕ್ಕೂ ಬ್ಯಾರನ್ನಿಗೂ ನಡುವೆ ಪಂಚಾಯಿತಿ ರಸ್ತೆ ಹಾಯುತ್ತದೆ. ದಾಟಲು ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಗೆ ಏನು ಮಾಡಲಿ ಎಂದು ಕೇಳಿದ. ಬೇಲಿಯ ಒಳಗೇ ಹೊರೆ ಇಳಿಸಿ, ಅಲ್ಲಿಂದಾಚೆಗೆ ಟೈರ್ ಗಾಡಿಗೆ ಹಾಕು ಅಂದೆ. ಅವನ ಮನೆಯಲ್ಲಿ ಒಂದು ಜೊತೆ ಎತ್ತು ಇನ್ನೂ ಇವೆ.